ಮೊಲದ ಗಟ್ಟಿ ಸಾರು: ತೊಡೆಗೊಂದು ಲೆಕ್ಕ, ಬೆನ್ನಿಗೊಂದು ಲೆಕ್ಕ

ಮೊಲದ ಸಾರು ಹೇಗೆ ಮಾಡೋದು ಅಂತ ಹಳೇ ಮೈಸೂರು ಕಡೆಯ ಹಿರಿಯರನ್ನು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. ಮೆಣಸು ಮುಂದಾಗಿ ಹಾಕಿ, ಖಾರ ಚೆನ್ನಾಗಿ ಹುರಿದು ರುಬ್ಬಿ, ಬಾಡು ಬೇಯುವವರೆಗೂ ಕುದಿಸಿ. ಈ ಲೆಕ್ಕ ಹುಟ್ಟಿದ್ದು ಕಾಡುಮೊಲಕ್ಕೆ. ಹೊಲದ ಬದು, ಕುರುಚಲು ಕಾಡುಗಳಲ್ಲಿ ಓಡಿಯೇ ಬದುಕುವ ಆ ಪ್ರಾಣಿಯ ಬಾಡು ಕಡುಗೆಂಪು, ನಾರು ಗಟ್ಟಿ, ವಾಸನೆ ಜೋರು. ಇವತ್ತು ಅಂಗಡಿಯಲ್ಲಿ, ಫಾರಂನಲ್ಲಿ ಸಿಗುವ ಸಾಕುಮೊಲ ಬೇರೆಯೇ ಜಾತಿ, ಯುರೋಪ್ ಮೂಲದ್ದು. ಪಂಜರದಲ್ಲಿ ಬೆಳೆದ ಇದರ ಮಾಂಸ ಕೋಳಿಯ ಎದೆಯ ಹಾಗೆ ತಿಳಿಗುಲಾಬಿ, ಜಿಡ್ಡು ಇಲ್ಲವೆನ್ನುವಷ್ಟು ಕಡಿಮೆ. ಹಳೆಯ ಲೆಕ್ಕದಲ್ಲೇ ಇದನ್ನು ಕುದಿಸಿದರೆ ಸಾರೇನೋ ಘಮಘಮ ಎನ್ನುತ್ತದೆ, ತುಂಡು ಮಾತ್ರ ಹತ್ತಿ ಜಗಿದ ಹಾಗಿರುತ್ತದೆ.

ಕಾಡುಮೊಲದ ಆಸೆಯನ್ನಂತೂ ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ. ಬೇಟೆಯಾಡುವುದೂ ಅಪರಾಧ, ಅದರ ಮಾಂಸ ಮಾರುವುದೂ ಕೊಳ್ಳುವುದೂ ಅಪರಾಧ. ರಸ್ತೆ ಬದಿಯಲ್ಲಿ ಚೀಲದೊಳಗಿಟ್ಟುಕೊಂಡು ಯಾರಾದರೂ ತೋರಿಸಿದರೆ ಮುಂದೆ ನಡೆಯಿರಿ. ಇಲ್ಲಿರುವ ಅಳತೆ, ಹೊತ್ತು ಎಲ್ಲವೂ ಸಾಕುಮೊಲಕ್ಕೆ.

ಕೊಳ್ಳುವಾಗ

ಮಾಂಸಕ್ಕೆಂದು ಸಾಕುವ ತಳಿಗಳಲ್ಲಿ ನಮ್ಮ ಕಡೆ ಹೆಚ್ಚು ಕೇಳಿಬರುವ ಹೆಸರು ನ್ಯೂಜಿಲೆಂಡ್ ವೈಟ್, ವೈಟ್ ಜೈಂಟ್, ಗ್ರೇ ಜೈಂಟ್, ಸೋವಿಯತ್ ಚಿಂಚಿಲ್ಲಾ. ಅಡುಗೆ ಮಾಡುವವರಿಗೆ ತಳಿಗಿಂತ ವಯಸ್ಸು ಮುಖ್ಯ. ಮೂರರಿಂದ ನಾಲ್ಕು ತಿಂಗಳಿನ, ಜೀವಂತ ತೂಕ 2ರಿಂದ 2.5 ಕಿಲೋ ಇರುವ ಮೊಲ ಸಾರಿಗೆ ಹೇಳಿ ಮಾಡಿಸಿದ್ದು. ತಲೆ, ಚರ್ಮ, ಕರುಳು ಹೋದ ಮೇಲೆ ಕೈಗೆ ಬರುವುದು ಸುಮಾರು ಅರ್ಧ, ಅಂದರೆ 1ರಿಂದ 1.3 ಕಿಲೋ. ಜೀವಂತ ತೂಕಕ್ಕೆ ಹೇಳಿದ ಬೆಲೆ ಕೇಳಿ ಅಗ್ಗ ಅಂದುಕೊಳ್ಳುವ ಮೊದಲು ಈ ಅರ್ಧದ ಲೆಕ್ಕ ಹಾಕಿ ನೋಡಿ.

ಮರಿ ಹಾಕಿಸಿ ಬಿಟ್ಟ ತಾಯಿ ಮೊಲ, ವಯಸ್ಸಾದ ಗಂಡು ಮೊಲಗಳನ್ನೂ ಮಾರುತ್ತಾರೆ. ತೂಕ ಮೂರು ಕಿಲೋ ದಾಟಿರುತ್ತದೆ, ಮಾಂಸದ ಬಣ್ಣ ಗಾಢ, ತೊಡೆ ಒತ್ತಿದರೆ ಗಟ್ಟಿ. ರುಚಿಯಲ್ಲಿ ಇದೇ ಒಂದು ಕೈ ಮೇಲು, ಆದರೆ ಬೇಯುವ ಹೊತ್ತು ಎರಡರಷ್ಟು. ಯಾವುದು ಸಿಕ್ಕಿದೆ ಎಂದು ಮೊದಲೇ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ.

ಮಾಂಸದ ಮೇಲ್ಮೈ ಒದ್ದೆಯಾಗಿರಬಹುದು, ಅಂಟಂಟಾಗಿರಬಾರದು. ಹೊಟ್ಟೆಯ ಒಳಭಾಗದಲ್ಲಿ ಹಸಿರು ಅಥವಾ ಹಳದಿ ಕಲೆ ಕಂಡರೆ ಕರುಳೋ ಪಿತ್ತಕೋಶವೋ ಒಡೆದಿದೆ ಎಂದರ್ಥ. ಎಷ್ಟು ತೊಳೆದರೂ ಆ ಕಹಿ ಪೂರ್ತಿ ಹೋಗುವುದಿಲ್ಲ, ಬೇರೆ ಕೇಳಿ. ಕಾರ್ಜವನ್ನು ಬಿಡಿಸಿಟ್ಟು ಕೊಡಲು ಹೇಳಿ, ಬೆಳಕಿಗೆ ಹಿಡಿದು ನೋಡಿ. ಅದು ಕಂದುಗೆಂಪಾಗಿ ನುಣ್ಣಗಿರಬೇಕು. ಸಾಸಿವೆ ಕಾಳಿನಂಥ ಬಿಳಿ ಅಥವಾ ಹಳದಿ ಚುಕ್ಕೆಗಳಿದ್ದರೆ ಅದು ಸಾಮಾನ್ಯವಾಗಿ ಕಾಕ್ಸಿಡಿಯೋಸಿಸ್ ಎಂಬ ಪರಾವಲಂಬಿ ರೋಗದ ಗುರುತು, ಕಾರ್ಜವನ್ನು ಎಸೆದುಬಿಡಿ. ಚುಕ್ಕೆ, ಕೀವು ಮಾಂಸದಲ್ಲೂ ಕಂಡರೆ ಇಡೀ ಮೊಲವೇ ಬೇಡ. ಮೂತ್ರಪಿಂಡದ ಸುತ್ತ ಅಂಟಿಕೊಂಡಿರುವ ಬಿಳಿ ಕೊಬ್ಬನ್ನು ಮಾತ್ರ ಅಂಗಡಿಯವರು ಕಿತ್ತೆಸೆಯದಂತೆ ನೋಡಿಕೊಳ್ಳಿ. ಈ ಪ್ರಾಣಿಯ ಮೈಯಲ್ಲಿ ಅಡುಗೆಗೆ ಒದಗುವ ಜಿಡ್ಡು ಅಂತ ಇರುವುದು ಬಹುಪಾಲು ಅಷ್ಟೇ.

ಕಡಿದ ಕೆಲವು ಗಂಟೆಗಳಲ್ಲಿ ಮಾಂಸ ಸೆಟೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಒಲೆಗೆ ಇಟ್ಟರೆ ಎಳೆಯ ಮೊಲವೂ ರಬ್ಬರಿನ ಹಾಗಾಗುತ್ತದೆ. ತಂದ ಕೂಡಲೇ ಬೇಯಿಸುವುದಾದರೆ ಕೂಡಲೇ ಬೇಯಿಸಿ, ಇಲ್ಲವೇ ಮುಚ್ಚಿದ ಪಾತ್ರೆಯಲ್ಲಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ 12ರಿಂದ 24 ಗಂಟೆ ಇಡಿ. ಭಾನುವಾರದ ಬಾಡೂಟಕ್ಕೆ ಶನಿವಾರ ಬೆಳಗ್ಗೆಯೇ ತರುವುದು ವಾಸಿ.

ಕೂದಲು ಮೊದಲು, ನೀರು ಆಮೇಲೆ

ಮೊಲದ ತುಪ್ಪಳ ಬಲು ನಯ. ಚರ್ಮ ಸುಲಿಯುವಾಗ ಒಂದೆರಡು ಕೂದಲು ಮಾಂಸಕ್ಕೆ ಅಂಟಿಯೇ ಅಂಟುತ್ತದೆ. ನೇರವಾಗಿ ನಲ್ಲಿ ನೀರಿಗೆ ಹಿಡಿದರೆ ಅದು ಎಲ್ಲ ಕಡೆ ಹರಡಿ ಸಾರಿನವರೆಗೂ ಬರುತ್ತದೆ. ಮೊದಲು ಒದ್ದೆ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ ಕೂದಲು ತೆಗೆಯಿರಿ, ಉಳಿದದ್ದನ್ನು ಗ್ಯಾಸ್ ಉರಿಯ ಮೇಲೆ ಎರಡು ಕ್ಷಣ ಆಡಿಸಿ ಸುಡಿ. ಆಮೇಲೆ ತೊಳೆಯಿರಿ. ಗುದದ್ವಾರದ ಅಕ್ಕಪಕ್ಕ ಕಡಲೆ ಕಾಳಿನಷ್ಟು ಹಳದಿ-ಕಂದು ಗಂಟುಗಳು ಉಳಿದಿದ್ದರೆ ಚಾಕುವಿನ ತುದಿಯಿಂದ ಕತ್ತರಿಸಿ ಬಿಸಾಡಿ. ಅವು ವಾಸನೆಯ ಗ್ರಂಥಿಗಳು. ಮೊಲ ಗಬ್ಬು ನಾರುತ್ತದೆ ಎಂಬ ದೂರಿನ ಬಹುಪಾಲು ಅಲ್ಲಿಂದ ಬರುತ್ತದೆ.

ಎರಡು ಲೀಟರ್ ತಣ್ಣೀರಿಗೆ ಒಂದು ದೊಡ್ಡ ಚಮಚ ಕಲ್ಲುಪ್ಪು ಹಾಕಿ ಅರ್ಧ ಗಂಟೆ ನೆನೆಸಿಟ್ಟರೆ ಉಳಿದ ರಕ್ತ ಬಿಡುತ್ತದೆ. ಬಲಿತ ಮೊಲಕ್ಕೆ ಒಂದು ಗಂಟೆ. ಅದಕ್ಕಿಂತ ಹೆಚ್ಚು ನೆನೆಸಿದರೆ ರುಚಿಯೂ ನೀರಿನ ಜೊತೆಗೇ ಹೋಗುತ್ತದೆ.

ತುಂಡು ಮಾಡುವ ಬಗೆ

ಸಾರು ಅರ್ಧ ಗೆಲ್ಲುವುದು ಇಲ್ಲೇ. ಕೋಳಿಯನ್ನು ಕೊಚ್ಚಿದ ಹಾಗೆ ಕೊರಡಿನ ಮೇಲಿಟ್ಟು ಮಚ್ಚಿನಲ್ಲಿ ಕೊಚ್ಚಿಸಬೇಡಿ. ಮೊಲದ ಮೂಳೆ ತೆಳು, ಏಟಿಗೆ ಸೂಜಿಯಂತೆ ಸೀಳಿ ಸಾರಿನಲ್ಲಿ ಸೇರಿಕೊಳ್ಳುತ್ತದೆ. ಗಂಟಲಿಗೆ ಸಿಕ್ಕಿದರೆ ಮೀನಿನ ಮುಳ್ಳಿಗಿಂತ ಕಷ್ಟ. ಇಡಿಯಾಗಿ ತಂದು ಮನೆಯಲ್ಲೇ ಹರಿತವಾದ ಚಾಕುವಿನಿಂದ ಕೀಲಿನಲ್ಲಿ ಬಿಡಿಸುವುದು ಹತ್ತು ನಿಮಿಷದ ಕೆಲಸ.

ಮುಂಗಾಲು ಪಕ್ಕೆಗೂಡಿಗೆ ಮೂಳೆಯ ಕೀಲಿನಿಂದ ಅಂಟಿಕೊಂಡಿರುವುದಿಲ್ಲ, ಬರೀ ಮಾಂಸದಿಂದ. ಹೆಗಲ ಹಲಗೆಯ ಕೆಳಗೆ ಚಾಕು ತೂರಿಸಿದರೆ ಹಾಗೇ ಬಿಟ್ಟುಕೊಂಡು ಬರುತ್ತದೆ. ಹಿಂಗಾಲನ್ನು ಬೆನ್ನಿನ ಕಡೆಗೆ ಹಿಂದಕ್ಕೆ ಬಗ್ಗಿಸಿ, ಸೊಂಟದ ಕೀಲು ಟಕ್ ಎಂದಾಗ ಅಲ್ಲಿ ಕುಯ್ಯಿರಿ. ಮಂಡಿಯಲ್ಲಿ ಇನ್ನೊಮ್ಮೆ ಕುಯ್ದರೆ ತೊಡೆ ಬೇರೆ, ಕಣಕಾಲು ಬೇರೆ. ಇನ್ನು ಉಳಿದದ್ದು ನಡುಮೈ. ಕೊನೆಯ ಪಕ್ಕೆಲುಬಿನ ಹಿಂದೆ ಒಂದು, ಸೊಂಟದ ಮೂಳೆಯ ಮುಂದೆ ಒಂದು, ಎರಡು ಕಡೆ ಅಡ್ಡ ಕುಯ್ದರೆ ಬೆನ್ನಿನ ಭಾಗ ಪ್ರತ್ಯೇಕವಾಗುತ್ತದೆ. ಮೂಳೆಗಳ ನಡುವಿನ ಸಂದಿಯಲ್ಲಿ ಚಾಕು ಇಟ್ಟು ಅದನ್ನು ಮೂರು ತುಂಡು ಮಾಡಿ. ಬೆನ್ನಿನ ಮೇಲೆ ಹೊಳೆಯುವ ಬಿಳಿ ಪೊರೆಯನ್ನು ಸುಲಿದು ತೆಗೆಯಿರಿ. ಅದು ಕರಗುವುದಿಲ್ಲ, ಬಿಸಿಗೆ ಮುದುರಿಕೊಂಡು ಒಳಗಿನ ಮಾಂಸವನ್ನು ಹಿಂಡುತ್ತದೆ.

ಈಗ ಎರಡು ಗುಂಪು ಮಾಡಿ. ತೊಡೆ, ಕಣಕಾಲು, ಮುಂಗಾಲು, ಪಕ್ಕೆ, ಸೊಂಟ, ಕುತ್ತಿಗೆ ಒಂದು ಪಾತ್ರೆಗೆ. ಹೊಟ್ಟೆಯ ತೆಳು ಪದರಗಳನ್ನೂ ಅದಕ್ಕೇ ಸೇರಿಸಿ, ಬೆನ್ನಿನ ತುಂಡು ಮಾತ್ರ ಬೇರೆ ಪಾತ್ರೆಗೆ. ಈ ವಿಂಗಡಣೆಯ ಕಾರಣ ಇಷ್ಟೇ. ಓಡಾಟದ ಕಾಲುಗಳಲ್ಲಿ ನಾರಿನ ನಡುವೆ ಅಂಟು ಪದರ ಇರುತ್ತದೆ, ಅದು ಹದವಾದ ಬಿಸಿಯಲ್ಲಿ ಬಹಳ ಹೊತ್ತಿದ್ದರೆ ಕರಗಿ ಮಾಂಸವನ್ನು ಮೆತ್ತಗೆ ಮಾಡುತ್ತದೆ, ಸಾರಿಗೂ ಮೈ ಕೊಡುತ್ತದೆ. ಬೆನ್ನಿನಲ್ಲಿ ಆ ಅಂಟಿಲ್ಲ. 70 ಡಿಗ್ರಿ ಸೆಲ್ಸಿಯಸ್ ಆಸುಪಾಸು ದಾಟುತ್ತಿದ್ದಂತೆ ನಾರು ಬಿಗಿದು ಒಳಗಿನ ರಸವನ್ನು ಹೊರಗೆ ಹಿಂಡುತ್ತದೆ. ಸುತ್ತ ಎಷ್ಟು ಎಸರಿದ್ದರೂ ಆ ರಸ ವಾಪಸ್ ಒಳಗೆ ಹೋಗುವುದಿಲ್ಲ.

ಸಾಮಾನು

ಒಂದು ಮೊಲಕ್ಕೆ, ಅಂದರೆ 1.2 ಕಿಲೋ ಮಾಂಸಕ್ಕೆ, ಐದಾರು ಜನ ಮುದ್ದೆ ಉಣ್ಣುವಷ್ಟು. ಟೀ ಚಮಚ ಎಂದರೆ 5 ಮಿಲಿ, ದೊಡ್ಡ ಚಮಚ ಎಂದರೆ 15 ಮಿಲಿ.

ನೆನೆಸಲು: ಹುಳಿಯಿಲ್ಲದ ಗಟ್ಟಿ ಮೊಸರು 3 ದೊಡ್ಡ ಚಮಚ, ಅರಿಶಿನ ½ ಟೀ ಚಮಚ, ಉಪ್ಪು 1 ಟೀ ಚಮಚ.

ಹುರಿದು ರುಬ್ಬಲು: ಧನಿಯ 3 ದೊಡ್ಡ ಚಮಚ, ಬ್ಯಾಡಗಿ ಮೆಣಸಿನಕಾಯಿ 8, ಗುಂಟೂರು 4, ಕಾಳುಮೆಣಸು 1 ಟೀ ಚಮಚ, ಜೀರಿಗೆ ½ ಟೀ ಚಮಚ, ಚಕ್ಕೆ ಒಂದು ಇಂಚು, ಲವಂಗ 5, ಗಸಗಸೆ 2 ಟೀ ಚಮಚ, ತೆಂಗಿನಕಾಯಿ ತುರಿ 1 ಬಟ್ಟಲು, ಹೆಚ್ಚಿದ ಈರುಳ್ಳಿ 1 ದೊಡ್ಡದು. ಹುರಿಯದೆ ಜೊತೆಗೆ ಹಾಕಲು ಹುರಿಗಡಲೆ 1 ದೊಡ್ಡ ಚಮಚ, ಟೊಮೇಟೊ 2, ಕೊತ್ತಂಬರಿ ಸೊಪ್ಪು ಒಂದು ಹಿಡಿ, ಪುದೀನ ಹತ್ತು ಎಲೆ.

ಒಗ್ಗರಣೆಗೆ: ಕಡ್ಲೆಕಾಯಿ ಎಣ್ಣೆ 5 ದೊಡ್ಡ ಚಮಚ, ಈರುಳ್ಳಿ 2, ಬೆಳ್ಳುಳ್ಳಿ 12 ಎಸಳು ಮತ್ತು ಶುಂಠಿ 2 ಇಂಚು ಜಜ್ಜಿದ್ದು, ಕರಿಬೇವು. ಬಿಸಿನೀರು 1.2 ಲೀಟರ್.

ಎಣ್ಣೆ ಐದು ಚಮಚವೇ ಎಂದು ಹುಬ್ಬೇರಿಸಬೇಡಿ. ಕುರಿ ಬಾಡಿಗೆ ಎರಡು ಸಾಕು, ಉಳಿದದ್ದನ್ನು ಅದೇ ಬಿಡುತ್ತದೆ. ಮೊಲ ಏನೂ ಬಿಡುವುದಿಲ್ಲ. ಉತ್ತರ ಅಮೆರಿಕದ ಚಳಿನಾಡುಗಳಲ್ಲಿ ಬೇರೇನೂ ಸಿಗದೆ ವಾರಗಟ್ಟಲೆ ಮೊಲವನ್ನಷ್ಟೇ ತಿಂದು ಕಾಯಿಲೆ ಬೀಳುವುದಕ್ಕೆ ‘ಮೊಲದ ಹಸಿವು’ ಎಂದೇ ಹೆಸರಿದೆ. ಹೊಟ್ಟೆ ತುಂಬಿದರೂ ಮೈಗೆ ಬೇಕಾದ ಕೊಬ್ಬು ಸಿಗದ ಸ್ಥಿತಿ ಅದು. ಕುರಿಯ ಕೊಬ್ಬು 50 ಗ್ರಾಂ ಸಿಕ್ಕಿದರೆ ಎಣ್ಣೆಯನ್ನು ಮೂರು ಚಮಚಕ್ಕೆ ಇಳಿಸಿ ಅದನ್ನೇ ಕರಗಿಸಿಕೊಳ್ಳಿ, ರುಚಿ ಇನ್ನೂ ಮೇಲೇರುತ್ತದೆ.

ಗಸಗಸೆಯ ಬಗ್ಗೆ ಹೊರದೇಶದಲ್ಲಿರುವವರಿಗೆ ಒಂದು ಮಾತು. ಯುಎಇ, ಸೌದಿ, ಸಿಂಗಾಪುರಗಳಲ್ಲಿ ಅದು ನಿಷಿದ್ಧ ವಸ್ತು, ಊರಿನಿಂದ ಚೀಲದಲ್ಲಿ ಒಯ್ಯಬೇಡಿ. ಬದಲಿಗೆ ಎಂಟು ಗೋಡಂಬಿ ರುಬ್ಬಿದರೆ ಸಾರು ಅಷ್ಟೇ ಮಂದ ಬರುತ್ತದೆ.

ಮಾಡುವ ವಿಧಾನ

ಎರಡೂ ಪಾತ್ರೆಯ ತುಂಡುಗಳಿಗೆ ಮೊಸರು, ಅರಿಶಿನ, ಉಪ್ಪು ಹಂಚಿ ಸವರಿ ಎರಡು ಗಂಟೆ ಇಡಿ. ಬಲಿತ ಮೊಲವಾದರೆ ರಾತ್ರಿಯಿಡೀ ಫ್ರಿಜ್ಜಿನಲ್ಲಿ. ಮೊಸರಿಲ್ಲದೆ ನಿಂಬೆರಸ ಬಳಸಿದರೆ ಒಂದು ಗಂಟೆ ಮೀರಬಾರದು, ಹುಳಿ ಹೆಚ್ಚಾದರೆ ಮೇಲ್ಪದರ ಹಿಟ್ಟು ಹಿಟ್ಟಾಗುತ್ತದೆ.

ಅಷ್ಟರಲ್ಲಿ ಖಾರ ಹುರಿಯಿರಿ. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿಯಬೇಡಿ. ಧನಿಯ ಘಮ್ಮೆನ್ನುವಷ್ಟರಲ್ಲಿ ಮೆಣಸಿನಕಾಯಿ ಕಪ್ಪಾಗಿರುತ್ತದೆ. ಮೊದಲು ಒಂದು ಟೀ ಚಮಚ ಎಣ್ಣೆಯಲ್ಲಿ ಮೆಣಸಿನಕಾಯಿ ಸಣ್ಣ ಉರಿಯಲ್ಲಿ ಗರಿಯಾಗುವವರೆಗೆ, ತೆಗೆದಿಟ್ಟು ಧನಿಯ, ಕಾಳುಮೆಣಸು, ಚಕ್ಕೆ, ಲವಂಗ, ಕೊನೆಗೆ ಜೀರಿಗೆ. ಗಸಗಸೆಗೆ ಇಪ್ಪತ್ತು ಸೆಕೆಂಡು ಸಾಕು. ಆಮೇಲೆ ಈರುಳ್ಳಿಯನ್ನು ಅಂಚು ಕಂದಾಗುವವರೆಗೆ ಹುರಿದು, ಕಾಯಿತುರಿ ಸೇರಿಸಿ ಹಸಿ ಹೋಗುವಷ್ಟು ಬಾಡಿಸಿ. ತಣಿದ ಮೇಲೆ ಉಳಿದ ಸಾಮಾನಿನ ಜೊತೆ ಮುಕ್ಕಾಲು ಬಟ್ಟಲು ನೀರು ಹಾಕಿ ಬೆಣ್ಣೆಯಂತೆ ರುಬ್ಬಿ. ತರಿತರಿಯಾಗಿ ಉಳಿದರೆ ಸಾರು ಒಡೆದ ಹಾಗೆ, ನೀರು ಮೇಲೆ, ಖಾರ ತಳದಲ್ಲಿ ನಿಲ್ಲುತ್ತದೆ.

ತಳ ದಪ್ಪ ಇರುವ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ. ಮೂತ್ರಪಿಂಡದ ಕೊಬ್ಬಿದ್ದರೆ ಈಗಲೇ ಹಾಕಿ ಕರಗಿಸಿ. ತುಂಡುಗಳ ಮೇಲಿನ ಮೊಸರನ್ನು ಕೈಯಲ್ಲಿ ಸವರಿ ತೆಗೆದು, ಮೊದಲು ಬೆನ್ನಿನ ತುಂಡುಗಳನ್ನು ಜೋರು ಉರಿಯಲ್ಲಿ ಒಂದೊಂದು ಬದಿ ಒಂದೊಂದು ನಿಮಿಷ ಕೆಂಪಗೆ ಮಾಡಿ ಎತ್ತಿಟ್ಟುಬಿಡಿ. ಅವುಗಳ ಸರದಿ ಕೊನೆಗೆ. ನಂತರ ಕಾಲು, ಪಕ್ಕೆಗಳನ್ನು ಎರಡು ಕಂತಿನಲ್ಲಿ ಕೆಂಪಗೆ ಹುರಿಯಿರಿ. ಒಂದೇ ಸಲ ತುಂಬಿದರೆ ನೀರು ಬಿಟ್ಟುಕೊಂಡು ಬೇಯತೊಡಗುತ್ತದೆ, ಬಣ್ಣ ಬರುವುದಿಲ್ಲ. ಮೊಲಕ್ಕೆ ಚರ್ಮವೂ ಇಲ್ಲ, ಜಿಡ್ಡೂ ಇಲ್ಲ, ಸಾರಿಗೆ ಆಳವಾದ ರುಚಿ ಕೊಡುವುದು ಈ ಕೆಂಪೇ.

ಅದೇ ಎಣ್ಣೆಗೆ ಕರಿಬೇವು, ಈರುಳ್ಳಿ, ಅದು ಹೊಂಬಣ್ಣಕ್ಕೆ ತಿರುಗಿದಾಗ ಜಜ್ಜಿದ ಶುಂಠಿ-ಬೆಳ್ಳುಳ್ಳಿ. ಕಾಲು-ಪಕ್ಕೆಗಳನ್ನು ವಾಪಸ್ ಹಾಕಿ, ಉಳಿದ ಮೊಸರನ್ನೂ ಸೇರಿಸಿ, ಒಂದು ಲೀಟರ್ ಬಿಸಿನೀರು ಹೊಯ್ಯಿರಿ. ಒಂದು ಟೀ ಚಮಚ ಉಪ್ಪು. ಕುದಿ ಬಂದ ಕೂಡಲೇ ಮೇಲೆ ಬರುವ ನೊರೆ ತೆಗೆದು ಉರಿ ಇಳಿಸಿ. ಇಲ್ಲಿಂದ ಮುಂದೆ ಸಾರು ಕೊತಕೊತ ಕುದಿಯಬಾರದು, ಅಂಚಿನಲ್ಲಿ ಆಗೊಂದು ಈಗೊಂದು ಗುಳ್ಳೆ ಏಳಬೇಕು ಅಷ್ಟೇ. ಮುಚ್ಚಳವನ್ನು ಚೂರು ಸಂದಿ ಬಿಟ್ಟು ಮುಚ್ಚಿ 35ರಿಂದ 40 ನಿಮಿಷ ಬಿಡಿ. ಬಲಿತದ್ದಾದರೆ ಒಂದೂಕಾಲು ಗಂಟೆ, ಕೆಲವೊಮ್ಮೆ ಒಂದೂವರೆ.

ತೊಡೆಯ ದಪ್ಪ ಭಾಗಕ್ಕೆ ಫೋರ್ಕ್ ಚುಚ್ಚಿ ತಿರುಗಿಸಿ. ಮಾಂಸ ಮೂಳೆಯಿಂದ ಸರಿಯಲು ಒಪ್ಪಿದರೂ ಇನ್ನೂ ಹಿಡಿದುಕೊಂಡಿದ್ದರೆ ರುಬ್ಬಿದ ಖಾರ ಹಾಕುವ ಹೊತ್ತು. ಮಿಕ್ಸಿ ಜಾರನ್ನು ಉಳಿದ ನೀರಿನಲ್ಲಿ ತೊಳೆದು ಅದನ್ನೂ ಹೊಯ್ದುಬಿಡಿ. ಹತ್ತು ನಿಮಿಷ ಮುಚ್ಚಳ ತೆಗೆದಿಟ್ಟು ಹಸಿವಾಸನೆ ಹೋಗುವವರೆಗೆ ಬೇಯಿಸಿ. ಕಾಯಿ, ಹುರಿಗಡಲೆ ತಳ ಹಿಡಿಯುವ ಜಾತಿ, ಸೌಟು ತಳಕ್ಕೆ ತಾಗಿಸಿ ಆಡಿಸುತ್ತಿರಿ. ಈಗ ಬೆನ್ನಿನ ತುಂಡುಗಳನ್ನು ಸಾರಿನೊಳಗೆ ಮುಳುಗಿಸಿ, ಸಣ್ಣ ಉರಿಯಲ್ಲಿ 15ರಿಂದ 18 ನಿಮಿಷ. ಥರ್ಮಾಮೀಟರ್ ಇರುವವರು ತುಂಡಿನ ನಡುವೆ 71 ಡಿಗ್ರಿ ನೋಡಿಕೊಂಡರೆ ಸಾಕು, ಇಲ್ಲದವರು ಮೂಳೆಯ ಪಕ್ಕ ಕುಯ್ದು ನೋಡಿ, ಗುಲಾಬಿ ಹೋಗಿ ರಸ ತಿಳಿಯಾಗಿರಬೇಕು. ಉಪ್ಪು ಸರಿ ನೋಡಿ ಒಲೆ ಆರಿಸಿ, ಮುಚ್ಚಿ ಇಪ್ಪತ್ತು ನಿಮಿಷ ಮುಟ್ಟದೆ ಬಿಡಿ. ಎಣ್ಣೆ ಮೇಲೆ ತೇಲಿ, ಖಾರ ತುಂಡಿಗೆ ಹಿಡಿಯುವುದು ಈ ಹೊತ್ತಿನಲ್ಲೇ.

ಕುಕ್ಕರ್ ಇದ್ದರೆ

ಕಾಲು, ಪಕ್ಕೆಗಳನ್ನು ಮಾತ್ರ ಕುಕ್ಕರಿಗೆ ಹಾಕಿ. ವಿಶಲ್ ಲೆಕ್ಕ ಒಂದೊಂದು ಕುಕ್ಕರಿಗೂ ಬೇರೆ, ಹಾಗಾಗಿ ಗಡಿಯಾರ ನಂಬಿ. ಮೊದಲ ವಿಶಲ್ ಆದ ಮೇಲೆ ಉರಿ ಸಣ್ಣ ಮಾಡಿ ಎಳೆಯದಕ್ಕೆ 8 ನಿಮಿಷ, ಬಲಿತದ್ದಕ್ಕೆ 20 ನಿಮಿಷ. ಪ್ರೆಷರ್ ತಾನಾಗಿಯೇ ಇಳಿಯಲಿ. ತೂಕದ ಗುಂಡು ಎತ್ತಿ ಆವಿ ಬಿಟ್ಟರೆ ಒಳಗೆ ಸಾರು ಒಮ್ಮೆಲೇ ಉಕ್ಕಿ ಕುದಿದು ಮಾಂಸ ಒಣಗುತ್ತದೆ. ಖಾರವನ್ನೂ ಬೆನ್ನಿನ ತುಂಡನ್ನೂ ಮುಚ್ಚಳ ತೆಗೆದ ಮೇಲೆ, ಮೇಲೆ ಹೇಳಿದ ಹಾಗೇ. ಬೆನ್ನನ್ನು ಕುಕ್ಕರಿನೊಳಗೆ ಹಾಕಿದರೆ ಉಳಿಸುವ ದಾರಿಯಿಲ್ಲ.

ಸಾರನ್ನು ಇನ್ನಷ್ಟು ತುಂಬಿಕೊಂಡಂತೆ ಮಾಡಲು ನಾಲ್ಕಾಗಿ ಸೀಳಿದ ಎರಡು ಆಲೂಗಡ್ಡೆಯನ್ನು ಖಾರ ಹಾಕುವ ಹತ್ತು ನಿಮಿಷ ಮೊದಲು ಸೇರಿಸಬಹುದು. ಆದರೆ ಮೊಲಕ್ಕೆ ನಿಜವಾದ ಜೋಡಿ ಹಿತಕಿದ ಅವರೆಬೇಳೆ. ಡಿಸೆಂಬರ್, ಜನವರಿಯ ಸೊಗಡು ಅವರೆ ಸಿಕ್ಕಿದರೆ ಒಂದೂವರೆ ಬಟ್ಟಲು ಬೇಳೆಯನ್ನು ಖಾರದ ಜೊತೆಗೇ ಹಾಕಿ. ಆಗ ಹುರಿಗಡಲೆ ಬಿಟ್ಟುಬಿಡಿ, ಬೇಳೆಯೇ ಸಾರನ್ನು ಮಂದ ಮಾಡುತ್ತದೆ.

ಚೊಕ್ಕವಾದ ಕಾರ್ಜ ಸಿಕ್ಕಿದ್ದರೆ ಪಿತ್ತಕೋಶ ಒಡೆಯದಂತೆ, ಅದಕ್ಕೆ ಅಂಟಿದ ಹಸಿರು ಭಾಗವನ್ನೂ ಸೇರಿಸಿ ಕತ್ತರಿಸಿ ತೆಗೆಯಿರಿ. ಅರ್ಧ ಕಾರ್ಜವನ್ನು ಹುರಿದು ಖಾರದ ಜೊತೆ ರುಬ್ಬಿದರೆ ಸಾರಿಗೆ ಬರುವ ಗಟ್ಟಿತನ, ರುಚಿ ಬೇರೆ ಯಾವುದರಿಂದಲೂ ಬರುವುದಿಲ್ಲ. ಉಳಿದರ್ಧ, ಗುಂಡಿಗೆಯನ್ನು ಉಪ್ಪು-ಮೆಣಸಿನ ಜೊತೆ ನಾಲ್ಕೈದು ನಿಮಿಷ ಹುರಿದುಕೊಡಿ, ಒಲೆಯ ಮುಂದೆ ನಿಂತವರ ಪಾಲು ಅದು.

ಕೆಟ್ಟರೆ ಏನು ಮಾಡುವುದು

ತೊಡೆ ಗಟ್ಟಿಯಾಗಿದೆ ಎಂದರೆ ಬೆಂದದ್ದು ಸಾಲದು. ಇನ್ನರ್ಧ ಲೋಟ ಬಿಸಿನೀರು ಹಾಕಿ ಸಣ್ಣ ಉರಿಯಲ್ಲಿ ಮುಂದುವರಿಸಿ, ಇಲ್ಲಿ ಉರಿ ಜೋರು ಮಾಡುವುದೇ ಎಲ್ಲರೂ ಮಾಡುವ ತಪ್ಪು. ಬೆನ್ನು ಒಣಗಿ ನಾರಾಗಿದ್ದರೆ ಇನ್ನೂ ಬೇಯಿಸಿ ಪ್ರಯೋಜನವಿಲ್ಲ. ಮೂಳೆಯಿಂದ ಬಿಡಿಸಿ, ಎಳೆ ಎಳೆಯಾಗಿ ಸೀಳಿ, ಸಾರಿನಲ್ಲೇ ಕಲಸಿಬಿಡಿ, ಯಾರಿಗೂ ಗೊತ್ತಾಗುವುದಿಲ್ಲ. ಸಾರು ಕಹಿಯಾಗಿದ್ದರೆ ಮೊದಲ ಅನುಮಾನ ಸುಟ್ಟ ಧನಿಯ ಅಥವಾ ಗಸಗಸೆಯ ಮೇಲೆ ಬರಲಿ. ಒಂದು ಚೂರು ಬೆಲ್ಲ, ಅರ್ಧ ಬಟ್ಟಲು ಕಾಯಿಹಾಲು ಹಾಕಿದರೆ ಅಷ್ಟಿಷ್ಟು ಮುಚ್ಚಬಹುದು. ಪಿತ್ತದ ಕಹಿಗೆ ಮದ್ದಿಲ್ಲ. ನೀರಾದರೆ ಹಿಟ್ಟು ಕದಡಬೇಡಿ. ತುಂಡುಗಳನ್ನೆಲ್ಲ ಎತ್ತಿಟ್ಟು ಸಾರನ್ನಷ್ಟೇ ಜೋರಾಗಿ ಕುದಿಸಿ ಇಳಿಸಿ, ಆಮೇಲೆ ಸೇರಿಸಿ.

ಮೊಲವನ್ನು ನಮಗಿಂತ ಹಚ್ಚಿಕೊಂಡವರು ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದವರು. ‘ಸ್ಟುಫಾಟ್ ತಲ್-ಫೆನೆಕ್’ ಎಂಬ ಮೊಲದ ಸ್ಟ್ಯೂ ಅಲ್ಲಿನ ರಾಷ್ಟ್ರೀಯ ತಿನಿಸು ಎನಿಸಿಕೊಂಡಿದೆ. ಬೆಳ್ಳುಳ್ಳಿ, ಬೇ ಎಲೆ ಹಾಕಿದ ಕೆಂಪು ವೈನಿನಲ್ಲಿ ರಾತ್ರಿ ನೆನೆಸಿ, ತುಂಡನ್ನು ಕೆಂಪಗೆ ಹುರಿದು, ಟೊಮೇಟೊ ಪೇಸ್ಟ್, ಅದೇ ವೈನ್ ಹಾಕಿ ಸಣ್ಣ ಉರಿಯಲ್ಲಿ ಗಂಟೆ ದಾಟಿ ಬೇಯಿಸುತ್ತಾರೆ, ಕೊನೆಗೆ ಬಟಾಣಿ. ಮೊದಲು ಆ ಸಾರನ್ನು ಸ್ಪಗೆಟ್ಟಿಗೆ ಕಲಸಿ ತಿಂದು, ಬಾಡನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳುವುದು ಅವರ ಕ್ರಮ. ಮಸಾಲೆ ಪೂರಾ ಬೇರೆಯಾದರೂ ನೆನೆಸು, ಕೆಂಪಗೆ ಮಾಡು, ಕುದಿಸದೆ ಬೇಯಿಸು ಎಂಬ ಮೂರು ಹೆಜ್ಜೆ ಅಲ್ಲೂ ಇವೇ. ನಮ್ಮಲ್ಲಿ ಮುದ್ದೆ ಮೊದಲ ಸುತ್ತಿಗೂ ಆಯಿತು, ಎರಡನೆಯದಕ್ಕೂ ಆಯಿತು. ಸಾರು ಮುದ್ದೆಯ ತುತ್ತಿಗೆ ಅಂಟಬೇಕು, ತಟ್ಟೆಯಲ್ಲಿ ಹರಿಯಲೂ ಬೇಕು, ಅಷ್ಟು ಮಂದ ಸಾಕು. ಮಕ್ಕಳಿಗೆ ಪಕ್ಕೆಯ ತುಂಡು ಬಡಿಸಬೇಡಿ, ತೊಡೆ ಕೊಡಿ.

ಉಳಿದ ಸಾರನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿದರೆ ಮೂರು ದಿನ ಇರುತ್ತದೆ. ಮರುದಿನ ಗಟ್ಟಿಯಾಗಿ ಅಲುಗಾಡುವ ಹಾಗಿದ್ದರೆ ಗಾಬರಿ ಬೇಡ, ಕಾಲಿನ ಅಂಟು ಸಾರಿಗೆ ಇಳಿದದ್ದರ ಗುರುತು ಅದು. ಬಿಸಿ ಮಾಡುವಾಗ ಬೆನ್ನಿನ ತುಂಡು ಉಳಿದಿದ್ದರೆ ಹೊರಗೆ ತೆಗೆದಿಟ್ಟು, ಸಾರು, ಕಾಲುಗಳು ಚೆನ್ನಾಗಿ ಕಾದ ಮೇಲೆ ಅದನ್ನು ಹಾಕಿ, ಒಳಗೂ ಹೊಗೆಯಾಡುವಷ್ಟು ಬಿಸಿಯಾದ ಕೂಡಲೇ ಇಳಿಸಿಬಿಡಿ.